ಲಲಿತಕಲಾ ಶಿಕ್ಷಣಕ್ಕೆ ಕಾಲೇಜಿನ ಆಯ್ಕೆ: ಬಿಜೈ ಹಾಗೂ ಮಂಗಳೂರು ಪರಿಸರದ ವಿದ್ಯಾರ್ಥಿಗಳಿಗೆ ಮತ್ತು ಪೋಷಕರಿಗೆ ಮಾಹಿತಿ

ಪೀಠಿಕೆ

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರದ ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳು ಮುಂದಿನ ವ್ಯಾಸಂಗವನ್ನು ನಿರ್ಧರಿಸಬೇಕಾಗುತ್ತದೆ. ಎಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಮುಂತಾದ ಶಿಕ್ಷಣದ ಬಗ್ಗೆ ಮಾಹಿತಿ ಎಲ್ಲೆಡೆ ಸುಲಭವಾಗಿ ದೊರೆಯುತ್ತದೆ. ಚಿತ್ರಕಲೆ ಅಥವಾ ಶಿಲ್ಪಕಲೆಯನ್ನು ಅಭ್ಯಾಸ ಮಾಡಲು ಬಯಸುವ ವಿದ್ಯಾರ್ಥಿಗೆ ಅಂತಹ ಮಾರ್ಗದರ್ಶನ ದೊರೆಯುವುದು ಅಪರೂಪ. ಪರಿಣಾಮವಾಗಿ, ಪರಿಚಿತರು ಹೇಳಿದ ಕಾಲೇಜಿಗೆ ಅಥವಾ ಮನೆಗೆ ಹತ್ತಿರವಿರುವ ಕಾಲೇಜಿಗೆ ಸೇರಿ, ತಾನು ಬಯಸಿದ ವಿಭಾಗ ಅಲ್ಲಿಲ್ಲವೆಂದು ಎರಡನೆಯ ವರ್ಷದಲ್ಲಿ ಅರಿಯುವ ಸಂದರ್ಭಗಳು ಉಂಟಾಗುತ್ತವೆ. ಪಡೆದ ಪ್ರಮಾಣಪತ್ರವು ಉನ್ನತ ವ್ಯಾಸಂಗಕ್ಕೆ ಅಥವಾ ಶಿಕ್ಷಕ ಹುದ್ದೆಗೆ ಅರ್ಹವಲ್ಲವೆಂದು ನಾಲ್ಕು ವರ್ಷಗಳ ನಂತರ ತಿಳಿದುಬಂದಲ್ಲಿ ಆ ನಷ್ಟವನ್ನು ಸರಿಪಡಿಸುವುದು ಕಷ್ಟ.

ಕಲಾ ಕಾಲೇಜನ್ನು ಆಯ್ಕೆ ಮಾಡುವಾಗ ಮೊದಲು ವಿಭಾಗ, ನಂತರ ಮಾನ್ಯತೆ, ತದನಂತರ ಕಾರ್ಯಾಗಾರ, ಕೊನೆಯಲ್ಲಿ ದೂರ ಮತ್ತು ವೆಚ್ಚ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ. ಈ ಕ್ರಮ ತಿರುಗುಮುರುಗಾದಾಗ ಮೇಲೆ ಹೇಳಿದ ತೊಂದರೆಗಳು ಎದುರಾಗುತ್ತವೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉನ್ನತ ಕಲಾ ಶಿಕ್ಷಣಕ್ಕಾಗಿ ಕನ್ನಡ ನಾಡಿನ ಕಲಾವಿದರು ದೂರದ ನಗರಗಳಿಗೆ ತೆರಳುತ್ತಿದ್ದರು. ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಅಭ್ಯಾಸ ಮಾಡಿದರು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ನಂತರ ಅಲ್ಲಿಯೇ ಬೋಧಕರಾಗಿ ಸೇವೆ ಸಲ್ಲಿಸಿ, ಮುಂದೆ ಪ್ಯಾರಿಸ್‌ನಲ್ಲಿಯೂ ಅಭ್ಯಾಸವನ್ನು ಮುಂದುವರಿಸಿದರು. ಅವರಿಗೆ 1961ರಲ್ಲಿ ಪದ್ಮಶ್ರೀ ಹಾಗೂ 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು.

ಇಂದು ರಾಜ್ಯದೊಳಗೇ ಸ್ನಾತಕ ಮತ್ತು ಸ್ನಾತಕೋತ್ತರ ಮಟ್ಟದ ಕಲಾ ಶಿಕ್ಷಣ ಲಭ್ಯವಿದೆ. ಆದುದರಿಂದ ಕರಾವಳಿಯ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆ ಯಾವ ಸಂಸ್ಥೆ ತನ್ನ ಕಲಿಕೆಗೆ ಹೊಂದುತ್ತದೆ ಎಂಬುದೇ ಆಗಿದೆ.

1. ಬಿಜೈಯಲ್ಲಿಯೇ ಪೂರ್ವಸಿದ್ಧತೆ

ಅರ್ಜಿ ಸಲ್ಲಿಸುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚಿತವಾಗಿ ವಿದ್ಯಾರ್ಥಿಯು ತನ್ನ ಆಸಕ್ತಿಯನ್ನು ತಾನೇ ಪರೀಕ್ಷಿಸಿಕೊಳ್ಳುವುದು ಒಳಿತು. ಇದಕ್ಕೆ ಬಿಜೈ ಮತ್ತು ಅದರ ಸುತ್ತಮುತ್ತಲಿನ ಪ್ರದೇಶದಲ್ಲಿ ಉತ್ತಮ ಅವಕಾಶಗಳಿವೆ.

ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವು ಕರ್ನಲ್ ವಿ.ಆರ್. ಮಿರಜ್‌ಕರ್ ಅವರು ತಮ್ಮ ತಾಯಿಯ ಸ್ಮರಣಾರ್ಥ ದಾನವಾಗಿ ನೀಡಿದ ಕಟ್ಟಡ ಮತ್ತು ಸಂಗ್ರಹದಿಂದ ರೂಪುಗೊಂಡಿದೆ. ಹಡಗಿನ ಆಕಾರವನ್ನು ಹೋಲುವ ಈ ಕಟ್ಟಡದಲ್ಲಿ 1960ರಲ್ಲಿ ವಸ್ತುಸಂಗ್ರಹಾಲಯವು ಪ್ರಾರಂಭವಾಯಿತು. ಶಿಲ್ಪ, ಮರದ ಕೆತ್ತನೆ, ಪಿಂಗಾಣಿ, ವರ್ಣಚಿತ್ರ ಮುಂತಾದವು ಈ ಸಂಗ್ರಹದಲ್ಲಿ ಸೇರಿವೆ. ಭೇಟಿಗೆ ಮುನ್ನ ತೆರೆದಿರುವ ವೇಳೆಯನ್ನು ಹಾಗೂ ಒಳಗೆ ಕುಳಿತು ರೇಖಾಚಿತ್ರ ಬರೆಯಲು ಅನುಮತಿಯ ವಿಷಯವನ್ನು ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಸಮೀಪದ ಕದ್ರಿಯ ಶ್ರೀ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದ್ದು, ಅದರಲ್ಲಿ ಆಳುಪ ಅರಸ ಕುಂದವರ್ಮನ ಉಲ್ಲೇಖವಿದೆ. ಲೋಹಶಿಲ್ಪದ ಬಗ್ಗೆ ಆಸಕ್ತಿಯುಳ್ಳವರು ಇದನ್ನು ಅವಶ್ಯವಾಗಿ ನೋಡಬೇಕು. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನ ಒಳಭಾಗವನ್ನು ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೇನಿ ಅವರು 1899ರಿಂದ 1901ರವರೆಗಿನ ಅವಧಿಯಲ್ಲಿ ಚಿತ್ರಗಳಿಂದ ಅಲಂಕರಿಸಿದ್ದಾರೆ. ಎತ್ತರದಲ್ಲಿರುವ ಚಿತ್ರವನ್ನು ಕೆಳಗಿನಿಂದ ನೋಡುವವನ ಕಣ್ಣಿಗೆ ಹೊಂದುವಂತೆ ಆಕೃತಿಗಳನ್ನು ಹೇಗೆ ಸಂಯೋಜಿಸಲಾಗಿದೆ ಎಂಬುದನ್ನು ಅಲ್ಲಿ ಪ್ರತ್ಯಕ್ಷವಾಗಿ ಅಭ್ಯಸಿಸಬಹುದು.

ಈ ಸ್ಥಳಗಳಿಗೆ ಹಲವು ಬಾರಿ ಹೋಗಿ ರೇಖಾಚಿತ್ರಗಳನ್ನು ಬರೆದ ವಿದ್ಯಾರ್ಥಿಗೆ ಎರಡು ಪ್ರಯೋಜನಗಳಿವೆ. ಮೊದಲನೆಯದಾಗಿ, ತನ್ನ ಮನಸ್ಸು ಬಣ್ಣದ ಕಡೆಗೋ ಘನರೂಪದ ಕಡೆಗೋ ವಾಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ಪ್ರವೇಶದ ಸಂದರ್ಭದಲ್ಲಿ ತೋರಿಸಲು ಸ್ವಂತ ಅವಲೋಕನದಿಂದ ಮೂಡಿದ ಕೃತಿಗಳು ಸಿದ್ಧವಾಗುತ್ತವೆ. ಕ್ಯಾಲೆಂಡರ್ ಅಥವಾ ಛಾಯಾಚಿತ್ರಗಳಿಂದ ನಕಲು ಮಾಡಿದ ಚಿತ್ರಗಳಿಗಿಂತ ಇಂತಹ ರೇಖಾಚಿತ್ರಗಳಿಂದ ಪರೀಕ್ಷಕರಿಗೆ ವಿದ್ಯಾರ್ಥಿಯ ಸಾಮರ್ಥ್ಯ ಹೆಚ್ಚು ತಿಳಿಯುತ್ತದೆ.

ಪ್ರೌಢಶಾಲಾ ಹಂತದಲ್ಲಿ ಚಿತ್ರಕಲೆಯ ಲೋಯರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರುವುದು ಸಹ ಉಪಯುಕ್ತ. ಆದರೆ ಈ ಪರೀಕ್ಷೆಗಳು ಪದವಿ ಶಿಕ್ಷಣಕ್ಕೆ ಪರ್ಯಾಯವಲ್ಲ ಎಂಬುದನ್ನು ಗಮನಿಸತಕ್ಕದ್ದು.

2. ವಿಭಾಗದ ಆಯ್ಕೆ

ದೃಶ್ಯಕಲಾ ಪದವಿಯ ಆರಂಭದಲ್ಲಿ ಸಾಮಾನ್ಯವಾಗಿ ಎಲ್ಲ ವಿದ್ಯಾರ್ಥಿಗಳಿಗೂ ಮೂಲಭೂತ ಶಿಕ್ಷಣ ನೀಡಿ, ನಂತರ ವಿಶೇಷ ವಿಭಾಗವನ್ನು ಹಂಚಲಾಗುತ್ತದೆ. ಪ್ರಮುಖ ವಿಭಾಗಗಳು ಈ ಕೆಳಕಂಡಂತಿವೆ.

ವರ್ಣಚಿತ್ರಕಲೆ: ರೇಖೆ, ಜಲವರ್ಣ, ತೈಲವರ್ಣ, ಆಕ್ರಿಲಿಕ್, ಮಾನವಾಕೃತಿ ಅಧ್ಯಯನ ಮತ್ತು ಸಂಯೋಜನೆ ಮುಖ್ಯ ವಿಷಯಗಳು. ಇದರ ಅಭ್ಯಾಸವನ್ನು ಮನೆಯಲ್ಲಿಯೂ ಮುಂದುವರಿಸಬಹುದು.

ಶಿಲ್ಪಕಲೆ: ಜೇಡಿಮಣ್ಣು, ಪ್ಲಾಸ್ಟರ್, ಕಲ್ಲು, ಮರ ಮತ್ತು ಲೋಹದ ಎರಕದ ಕೆಲಸ ಇದರಲ್ಲಿ ಸೇರಿದೆ. ಸ್ಥಳಾವಕಾಶ, ಕುಲುಮೆ ಹಾಗೂ ಉಪಕರಣಗಳು ಅನಿವಾರ್ಯ.

ಗ್ರಾಫಿಕ್ ಕಲೆ: ಮರದ ಅಚ್ಚು, ಲಿನೋಕಟ್, ಎಚಿಂಗ್, ಲಿಥೋಗ್ರಫಿ ಮೊದಲಾದ ವಿಧಾನಗಳಿಂದ ಒಂದೇ ಕೃತಿಯ ಹಲವು ಮುದ್ರಣಗಳನ್ನು ತೆಗೆಯುವ ಕಲೆ. ಗಣಕಯಂತ್ರದಲ್ಲಿ ಮಾಡುವ ಗ್ರಾಫಿಕ್ ವಿನ್ಯಾಸವೇ ಇದು ಎಂದು ಹಲವರು ತಪ್ಪಾಗಿ ಭಾವಿಸುವುದುಂಟು. ಮುದ್ರಣಯಂತ್ರವಿಲ್ಲದೆ ಎಚಿಂಗ್ ಮತ್ತು ಲಿಥೋಗ್ರಫಿಯ ಶಿಕ್ಷಣ ನಡೆಯುವುದಿಲ್ಲ.

ಅನ್ವಯಿಕ ಕಲೆ: ಜಾಹೀರಾತು, ಪುಸ್ತಕ ವಿನ್ಯಾಸ, ಅಕ್ಷರ ವಿನ್ಯಾಸ, ಪ್ಯಾಕೇಜಿಂಗ್ ಮುಂತಾದವು. ಕೈಕೆಲಸದೊಂದಿಗೆ ಗಣಕಯಂತ್ರದ ತಂತ್ರಾಂಶಗಳ ಶಿಕ್ಷಣವೂ ಅಗತ್ಯ.

ಕಲಾ ಇತಿಹಾಸ: ಓದು, ಬರವಣಿಗೆ ಮತ್ತು ಕ್ಷೇತ್ರಕಾರ್ಯ ಪ್ರಧಾನವಾದ ವಿಭಾಗ. ಉತ್ತಮ ಗ್ರಂಥಾಲಯ ಇದರ ಮೊದಲ ಅವಶ್ಯಕತೆ.

ಮನೆಯಲ್ಲಿ ಮಾಡಲಾಗದ ಕೆಲಸವನ್ನು ಕಲಿಯಲು ಬಯಸುವವರು ಸಲಕರಣೆಯುಳ್ಳ ಕಾಲೇಜನ್ನೇ ಆರಿಸಬೇಕು. ಶಿಲ್ಪ ಅಥವಾ ಗ್ರಾಫಿಕ್ ಕಲೆಯ ವಿದ್ಯಾರ್ಥಿಗೆ ದೂರದ ಊರಿನ ಸುಸಜ್ಜಿತ ಕಾರ್ಯಾಗಾರವು, ಸಮೀಪದಲ್ಲಿರುವ ಆದರೆ ಕಾರ್ಯಾಗಾರವಿಲ್ಲದ ಕಾಲೇಜಿಗಿಂತ ಹೆಚ್ಚು ಉಪಯುಕ್ತ. ವರ್ಣಚಿತ್ರಕಲೆಯ ವಿದ್ಯಾರ್ಥಿಯಾದರೋ ಸಲಕರಣೆಗಿಂತ ಅಧ್ಯಾಪಕರ ಮಾರ್ಗದರ್ಶನಕ್ಕೆ ಮತ್ತು ಅಭ್ಯಾಸದ ಸಮಯಕ್ಕೆ ಆದ್ಯತೆ ನೀಡಬಹುದು.

3. ಪದವಿ, ಡಿಪ್ಲೊಮಾ ಮತ್ತು ಮಾನ್ಯತೆ

ಬಿ.ವಿ.ಎ. ಮತ್ತು ಬಿ.ಎಫ್.ಎ. ಎಂಬ ಹೆಸರುಗಳು ಬೇರೆಯಾದರೂ ಎರಡೂ ಸ್ನಾತಕ ಪದವಿಗಳೇ. ಪಿ.ಯು.ಸಿ. ನಂತರದ ಈ ಪದವಿಯ ಅವಧಿ ಸಾಮಾನ್ಯವಾಗಿ 4 ವರ್ಷಗಳು. ಎಂ.ವಿ.ಎ. ಅಥವಾ ಎಂ.ಎಫ್.ಎ. ಸ್ನಾತಕೋತ್ತರ ಪದವಿಯ ಅವಧಿ ಸಾಮಾನ್ಯವಾಗಿ 2 ವರ್ಷಗಳು. ಡಿಪ್ಲೊಮಾ ಮತ್ತು ಸರ್ಟಿಫಿಕೇಟ್ ಶಿಕ್ಷಣಕ್ಕೆ ತನ್ನದೇ ಆದ ಉಪಯೋಗವಿದೆಯಾದರೂ ಅದು ಪದವಿಗೆ ಸಮವೆಂದು ಭಾವಿಸಕೂಡದು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 1956ರ ಅಧಿನಿಯಮದ 22ನೇ ಪ್ರಕರಣದ ಪ್ರಕಾರ ಪದವಿಯನ್ನು ನೀಡುವ ಅಧಿಕಾರ ಕಾನೂನಿನನ್ವಯ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಪರಿಗಣಿತ ವಿಶ್ವವಿದ್ಯಾಲಯಗಳಿಗೆ ಹಾಗೂ ಸಂಸತ್ತಿನಿಂದ ವಿಶೇಷವಾಗಿ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇರುತ್ತದೆ. ಆದುದರಿಂದ ಕಾಲೇಜಿನ ಕಟ್ಟಡ ಮತ್ತು ಹೆಸರನ್ನು ನೋಡುವ ಮೊದಲು ಈ ಕೆಳಕಂಡ ಅಂಶಗಳನ್ನು ಲಿಖಿತ ದಾಖಲೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ ಮತ್ತು ಆ ಸಂಯೋಜನೆ ಪ್ರಸಕ್ತ ಶೈಕ್ಷಣಿಕ ಸಾಲಿಗೆ ನವೀಕರಣಗೊಂಡಿದೆಯೇ.
ಆ) ಸಂಯೋಜನೆ ಇಡೀ ಕಾಲೇಜಿಗೆ ಮಾತ್ರವಲ್ಲದೆ, ತಾವು ಸೇರಬಯಸುವ ವಿಭಾಗಕ್ಕೂ ಅನ್ವಯಿಸುತ್ತದೆಯೇ.
ಇ) ಅಂತಿಮವಾಗಿ ದೊರೆಯುವ ಪ್ರಮಾಣಪತ್ರದ ಮೇಲೆ ಯಾವ ಸಂಸ್ಥೆಯ ಹೆಸರು ಇರುತ್ತದೆ.
ಈ) ಸಂಸ್ಥೆ ಬೇರೆ ರಾಜ್ಯದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿ ನೀಡುವುದಾಗಿ ತಿಳಿಸಿದಲ್ಲಿ, ಆ ವಿಶ್ವವಿದ್ಯಾಲಯಕ್ಕೆ ಇಲ್ಲಿ ಕೇಂದ್ರ ನಡೆಸಲು ಅನುಮತಿ ಇದೆಯೇ.

ಈ ವಿವರಗಳನ್ನು ಕಾಲೇಜಿನಿಂದ ಕೇಳಿ ಪಡೆದ ನಂತರ ಸಂಬಂಧಿಸಿದ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದಲೂ ದೃಢಪಡಿಸಿಕೊಳ್ಳುವುದು ಉತ್ತಮ. ಧನಸಹಾಯ ಆಯೋಗವು ಅನಧಿಕೃತ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಕಾಲಕಾಲಕ್ಕೆ ಪ್ರಕಟಿಸುತ್ತದೆ.

4. ಕರ್ನಾಟಕದ ಕೆಲವು ಪ್ರಮುಖ ಸಂಸ್ಥೆಗಳು

ಮಂಗಳೂರು ಮತ್ತು ಸುತ್ತಮುತ್ತ: ನಗರದಲ್ಲಿ ಮಹಾಲಸಾ ದೃಶ್ಯಕಲಾ ಮಹಾವಿದ್ಯಾಲಯವಿದೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲಿ ದೃಶ್ಯಕಲಾ ವಿಭಾಗವಿದೆ. ಕಾರ್ಕಳ ಸಮೀಪದ ಮಿಯ್ಯಾರಿನಲ್ಲಿರುವ ಕೆನರಾ ಬ್ಯಾಂಕ್ ಪ್ರಾಯೋಜಿತ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಲ್ಲಿ ಕಲ್ಲು, ಮರ ಮತ್ತು ಲೋಹದ ಸಾಂಪ್ರದಾಯಿಕ ಶಿಲ್ಪ ತರಬೇತಿ ನೀಡಲಾಗುತ್ತದೆ. ಈ ತರಬೇತಿಯು ವೃತ್ತಿಕೌಶಲಕ್ಕೆ ಸಂಬಂಧಿಸಿದ್ದು, ವಿಶ್ವವಿದ್ಯಾಲಯದ ಪದವಿಯಲ್ಲ. ಆದರೆ ಕೆತ್ತನೆಯನ್ನೇ ಜೀವನೋಪಾಯವಾಗಿ ಸ್ವೀಕರಿಸಬಯಸುವವರಿಗೆ ಇದು ಪರಿಗಣನೆಗೆ ಅರ್ಹ.

ಮೈಸೂರು: ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಶಂಕುಸ್ಥಾಪನೆಯಾಯಿತು. ಆ ಪರಂಪರೆಯ ಮುಂದುವರಿಕೆಯಾಗಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ‘ಕಾವಾ’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್, ಅನ್ವಯಿಕ ಕಲೆ, ಛಾಯಾಚಿತ್ರ ಮುಂತಾದ ವಿಭಾಗಗಳಿರುವ ಸರ್ಕಾರಿ ಕಾಲೇಜಾದ್ದರಿಂದ ಸಾಮಾನ್ಯ ಆದಾಯದ ಕುಟುಂಬಗಳು ಇದನ್ನು ಮೊದಲಿಗೆ ಪರಿಶೀಲಿಸುವುದು ಸೂಕ್ತ.

ಬೆಂಗಳೂರು: ಎಂ.ಎಸ್. ನಂಜುಂಡರಾವ್ ಮೊದಲಾದವರ ಶ್ರಮದಿಂದ 1960ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಚಿತ್ರಕಲಾ ಪರಿಷತ್ತು 1983ರಲ್ಲಿ ಲಲಿತಕಲಾ ಕಾಲೇಜನ್ನು ಆರಂಭಿಸಿತು. ತೊಗಲುಗೊಂಬೆ, ಮೈಸೂರು ಸಾಂಪ್ರದಾಯಿಕ ಚಿತ್ರ ಮತ್ತು ರೋರಿಕ್ ಚಿತ್ರಗಳ ಸಂಗ್ರಹ ಪರಿಷತ್ತಿನ ಆವರಣದಲ್ಲಿಯೇ ಇರುವುದು ವಿದ್ಯಾರ್ಥಿಗಳಿಗೆ ಅನುಕೂಲ. ನಗರದಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಹಾಗೂ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಇವೆ. ಆದರೆ ವಸತಿ ಮತ್ತು ಊಟದ ವೆಚ್ಚ ಇಲ್ಲಿ ಅಧಿಕ.

ದಾವಣಗೆರೆ: 1964ರಲ್ಲಿ ಕಲಾಶಾಲೆಯಾಗಿ ಆರಂಭವಾದ ಸಂಸ್ಥೆಯು ಇಂದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಘಟಕ ಕಾಲೇಜಾದ್ದರಿಂದ ಮಾನ್ಯತೆಯ ವಿಷಯದಲ್ಲಿ ಗೊಂದಲವಿರುವುದಿಲ್ಲ.

ಉತ್ತರ ಕರ್ನಾಟಕ: ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರು ಕಟ್ಟಿದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಮತ್ತು ಜೆ.ಎಸ್. ಖಂಡೇರಾವ್ ಅವರು ಕಟ್ಟಿದ ಎಂ.ಎಂ.ಕೆ. ದೃಶ್ಯಕಲಾ ಕಾಲೇಜು, ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಬೆಳೆಸಿದ ಕಲಾಶಾಲೆಯ ಪರಂಪರೆ ಉಲ್ಲೇಖನೀಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ದೃಶ್ಯಕಲಾ ವಿಭಾಗವನ್ನೂ, ಬಾದಾಮಿಯಲ್ಲಿ ಶಿಲ್ಪಕಲಾ ಶಿಕ್ಷಣ ಕೇಂದ್ರವನ್ನೂ ಹೊಂದಿದೆ.

5. ಹೊರರಾಜ್ಯದ ಸಂಸ್ಥೆಗಳು

ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜಿನ ಮೂಲ 1850ರಷ್ಟು ಹಿಂದಿನದು. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ 1857ರಲ್ಲಿ ಆರಂಭವಾಯಿತು. ಶಾಂತಿನಿಕೇತನದ ಕಲಾಭವನ 1919ರಲ್ಲಿ, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯ 1950ರಲ್ಲಿ, ಪಣಜಿಯ ಗೋವಾ ಕಲಾ ಕಾಲೇಜು 1972ರಲ್ಲಿ ಸ್ಥಾಪಿತವಾದವು. ಕೊಂಕಣ ರೈಲುಮಾರ್ಗದಿಂದಾಗಿ ಗೋವಾ ಮತ್ತು ಮುಂಬಯಿ ಮಂಗಳೂರಿನವರಿಗೆ ಸುಗಮವಾಗಿವೆ. ಕೇರಳದಲ್ಲಿ ತಿರುವನಂತಪುರ, ಮಾವೇಲಿಕ್ಕರ ಮತ್ತು ತ್ರಿಶ್ಶೂರುಗಳಲ್ಲಿ ಸರ್ಕಾರಿ ಲಲಿತಕಲಾ ಕಾಲೇಜುಗಳಿದ್ದು, ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಇವುಗಳನ್ನೂ ಪರಿಗಣಿಸಬಹುದು.

ಹೊರರಾಜ್ಯದಲ್ಲಿ ಸೀಟುಗಳ ಬಹುಭಾಗ ಆಯಾ ರಾಜ್ಯದ ನಿವಾಸಿಗಳಿಗೆ ಮೀಸಲಾಗಿರಬಹುದು. ಅರ್ಜಿ ಶುಲ್ಕ ಪಾವತಿಸುವ ಮುನ್ನ ಹೊರರಾಜ್ಯದವರಿಗೆ ಲಭ್ಯವಿರುವ ಸೀಟುಗಳ ಸಂಖ್ಯೆಯನ್ನು ಹಾಗೂ ಬೋಧನಾ ಮಾಧ್ಯಮವನ್ನು ವಿಚಾರಿಸತಕ್ಕದ್ದು. ಸ್ನಾತಕ ಪದವಿಯನ್ನು ರಾಜ್ಯದಲ್ಲಿ ಪೂರೈಸಿ, ಸ್ನಾತಕೋತ್ತರ ಅಧ್ಯಯನಕ್ಕೆ ಹೊರಗೆ ಹೋಗುವುದು ಹಲವು ಕುಟುಂಬಗಳಿಗೆ ಅನುಕೂಲಕರ ಮಾರ್ಗ.

6. ಕಾಲೇಜಿಗೆ ಭೇಟಿ

ಪ್ರಾಸ್ಪೆಕ್ಟಸ್ ಓದಿ ನಿರ್ಧರಿಸದೆ ಕಾಲೇಜಿಗೆ ಒಮ್ಮೆಯಾದರೂ ಸ್ವತಃ ಭೇಟಿ ನೀಡಬೇಕು. ಬಿಜೈಯಲ್ಲಿಯೇ ಇರುವ ಕೆ.ಎಸ್.ಆರ್.ಟಿ.ಸಿ. ಬಸ್ ನಿಲ್ದಾಣದಿಂದ ಮೈಸೂರು ಮತ್ತು ಬೆಂಗಳೂರಿಗೆ ರಾತ್ರಿ ಬಸ್ಸುಗಳಿರುವುದರಿಂದ, ಬೆಳಿಗ್ಗೆ ತಲುಪಿ ಕಾಲೇಜು ನೋಡಿ ಅದೇ ರಾತ್ರಿ ಹಿಂದಿರುಗಬಹುದು. ರಜಾದಿನವನ್ನು ಬಿಟ್ಟು ತರಗತಿಗಳು ನಡೆಯುವ ದಿನದಂದು, ಸಾಧ್ಯವಾದರೆ ವಾರ್ಷಿಕ ಕಲಾಪ್ರದರ್ಶನದ ಸಮಯದಲ್ಲಿ ಹೋಗುವುದು ಸೂಕ್ತ. ಭೇಟಿಯ ವೇಳೆ ಗಮನಿಸಬೇಕಾದ ಅಂಶಗಳು:

• ಮುದ್ರಣಯಂತ್ರ, ಕುಲುಮೆ, ಗಣಕಯಂತ್ರಗಳು ಬಳಕೆಯಲ್ಲಿವೆಯೇ ಅಥವಾ ಧೂಳು ಹಿಡಿದಿವೆಯೇ. ಶಾಯಿಯ ಕಲೆಗಳಿರುವ ಮೇಜು ಮತ್ತು ಹಸಿ ಮಣ್ಣಿನ ತೊಟ್ಟಿ ಒಳ್ಳೆಯ ಲಕ್ಷಣಗಳು.
• ತರಗತಿ ಮುಗಿದ ನಂತರವೂ ಸ್ಟುಡಿಯೊ ತೆರೆದಿರುತ್ತದೆಯೇ.
• ಮಾನವಾಕೃತಿ ಅಧ್ಯಯನಕ್ಕೆ ರೂಪದರ್ಶಿಗಳ ವ್ಯವಸ್ಥೆ ಇದೆಯೇ.
• ಪ್ರತಿ ವಿಭಾಗದಲ್ಲಿ ಎಷ್ಟು ಮಂದಿ ಅಧ್ಯಾಪಕರಿದ್ದಾರೆ, ಅವರಲ್ಲಿ ಎಷ್ಟು ಮಂದಿ ಪೂರ್ಣಾವಧಿಯವರು.
• ಅಂತಿಮ ವರ್ಷದ ವಿದ್ಯಾರ್ಥಿಗಳ ಕೃತಿಗಳು ಒಂದರಂತೆ ಒಂದಿವೆಯೇ ಅಥವಾ ಪ್ರತಿಯೊಬ್ಬರ ಕೆಲಸವೂ ಭಿನ್ನವಾಗಿದೆಯೇ.
• ಗ್ರಂಥಾಲಯದಲ್ಲಿ ಕಲಾಗ್ರಂಥಗಳನ್ನು ವಿದ್ಯಾರ್ಥಿಗಳು ಸ್ವತಃ ತೆಗೆದು ನೋಡಬಹುದೇ.
• ವಿದ್ಯಾರ್ಥಿನಿಯರಿಗೆ ಸುರಕ್ಷಿತ ವಸತಿನಿಲಯವಿದೆಯೇ ಮತ್ತು ಅದು ಕಾಲೇಜಿನಿಂದ ಎಷ್ಟು ದೂರದಲ್ಲಿದೆ.

ಎರಡನೆಯ ಮತ್ತು ಮೂರನೆಯ ವರ್ಷದ ವಿದ್ಯಾರ್ಥಿಗಳೊಂದಿಗೆ ಮಾತನಾಡುವುದರಿಂದ ಕಚೇರಿಯಲ್ಲಿ ದೊರೆಯದ ಮಾಹಿತಿ ದೊರೆಯುತ್ತದೆ. ತಾವು ಬಯಸಿದ ವಿಭಾಗವೇ ಸಿಕ್ಕಿತೇ ಎಂದು ಅವರನ್ನು ತಪ್ಪದೆ ಕೇಳಬೇಕು.

7. ಪ್ರವೇಶ ಪರೀಕ್ಷೆ ಮತ್ತು ಕೃತಿಗಳ ಕಡತ

ಅನೇಕ ಕಾಲೇಜುಗಳು ಪಿ.ಯು.ಸಿ. ಅಂಕಗಳೊಂದಿಗೆ ಪ್ರಾಯೋಗಿಕ ಅಭಿರುಚಿ ಪರೀಕ್ಷೆ ಹಾಗೂ ಸಂದರ್ಶನವನ್ನು ನಡೆಸುತ್ತವೆ. ಎದುರಿಗೆ ಇರಿಸಿದ ವಸ್ತುಗಳ ಚಿತ್ರಣ, ನೆನಪಿನ ಚಿತ್ರ ಮತ್ತು ನೀಡಿದ ವಿಷಯದ ಮೇಲೆ ಬಣ್ಣದ ಸಂಯೋಜನೆ ಸಾಮಾನ್ಯವಾಗಿ ಕೇಳಲ್ಪಡುವ ಅಂಶಗಳು. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಲ್ಲಿ ಯಾವುದರಿಂದ ಬಂದವರಿಗೂ ಸಾಮಾನ್ಯವಾಗಿ ಅವಕಾಶವಿರುತ್ತದೆ.

ಕಡತದಲ್ಲಿ 15ರಿಂದ 20 ಕೃತಿಗಳಿದ್ದರೆ ಸಾಕು. ಅವುಗಳೊಂದಿಗೆ ಪ್ರತಿದಿನ ಬಳಸಿದ ರೇಖಾಚಿತ್ರ ಪುಸ್ತಕವನ್ನೂ ಒಯ್ಯುವುದು ಒಳಿತು. ಪ್ರವೇಶದ ಅವಧಿಯು ಕರಾವಳಿಯ ಮಳೆಗಾಲದೊಂದಿಗೆ ಕೂಡಿಬರುವುದರಿಂದ ಕಾಗದ ಮತ್ತು ಕ್ಯಾನ್ವಾಸ್‌ಗಳಿಗೆ ಬೂಷ್ಟು ತಗುಲುವ ಸಂಭವ ಹೆಚ್ಚು. ಕೃತಿಗಳನ್ನು ನೆಲಕ್ಕೆ ಅಥವಾ ಹೊರಗೋಡೆಗೆ ತಾಗದಂತೆ ಇರಿಸಿ, ಪ್ರಯಾಣದಲ್ಲಿ ನೀರು ಸೋಕದ ಕೊಳವೆಯಲ್ಲಿ ಒಯ್ಯಬೇಕು. ಎಲ್ಲ ಕೃತಿಗಳ ಛಾಯಾಚಿತ್ರಗಳನ್ನು ಮುಂಚಿತವಾಗಿ ತೆಗೆದಿಟ್ಟುಕೊಳ್ಳತಕ್ಕದ್ದು. ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಸಿದ್ಧಪಡಿಸಿಕೊಂಡಲ್ಲಿ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ.

8. ವೆಚ್ಚ ಮತ್ತು ವಿದ್ಯಾರ್ಥಿವೇತನ

ಬೋಧನಾ ಶುಲ್ಕವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ. ಬಣ್ಣ, ಕ್ಯಾನ್ವಾಸ್, ಕಾಗದ, ಲೋಹದ ತಗಡು ಮುಂತಾದ ಸಾಮಗ್ರಿಗಳ ವೆಚ್ಚ, ಅಧ್ಯಯನ ಪ್ರವಾಸ, ವಸತಿ ಮತ್ತು ಊಟದ ವೆಚ್ಚಗಳನ್ನು ಸೇರಿಸಿ 4 ವರ್ಷಗಳ ಒಟ್ಟು ಮೊತ್ತವನ್ನು ಅಂದಾಜಿಸಬೇಕು. ಯಾವ ಸಾಮಗ್ರಿಯನ್ನು ಕಾಲೇಜು ಒದಗಿಸುತ್ತದೆ, ಯಾವುದನ್ನು ವಿದ್ಯಾರ್ಥಿಯೇ ಕೊಳ್ಳಬೇಕು ಎಂಬುದನ್ನು ವಿಭಾಗವಾರು ಕೇಳಿ ಬರೆದುಕೊಳ್ಳುವುದು ಉತ್ತಮ.

ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವು 18ರಿಂದ 25 ವರ್ಷದವರಿಗೆ ಸಂಬಂಧಿಸಿದ್ದು, ಅದರಲ್ಲಿ ದೃಶ್ಯಕಲೆಯೂ ಸೇರಿದೆ. ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರಕಟಣೆಗಳನ್ನೂ ಗಮನಿಸುತ್ತಿರಬೇಕು.

9. ಪೋಷಕರ ಗಮನಕ್ಕೆ

ಕಲೆಯನ್ನು ಕಲಿತು ಬದುಕುವುದು ಹೇಗೆ ಎಂಬ ಪೋಷಕರ ಪ್ರಶ್ನೆ ಸಹಜವಾದುದು. ಚಿತ್ರಗಳ ಮಾರಾಟದಿಂದ ಮಾತ್ರ ಜೀವನ ನಡೆಸುವ ಸ್ಥಿತಿಗೆ ತಲುಪಲು ಅನೇಕ ವರ್ಷಗಳು ಬೇಕಾಗಬಹುದು. ಎಲ್ಲರಿಗೂ ಅದು ಸಾಧ್ಯವಾಗುತ್ತದೆ ಎಂದು ಹೇಳಲಾಗದು. ಆದರೆ ಶಾಲೆಗಳಲ್ಲಿ ಕಲಾ ಶಿಕ್ಷಕರಾಗಿ, ಜಾಹೀರಾತು, ಪ್ರಕಾಶನ, ಅನಿಮೇಷನ್, ರಂಗಸಜ್ಜಿಕೆ ಹಾಗೂ ವಸ್ತುಸಂಗ್ರಹಾಲಯಗಳಲ್ಲಿ ಉದ್ಯೋಗಾವಕಾಶಗಳಿವೆ. ಸ್ನಾತಕೋತ್ತರ ಪದವೀಧರರು ಕಾಲೇಜು ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನು ದೃಶ್ಯಕಲೆ ವಿಷಯದಲ್ಲಿ ಬರೆಯಬಹುದು. ಈ ಹುದ್ದೆಗಳಲ್ಲಿ ಹಲವಕ್ಕೆ ಮಾನ್ಯತೆಯುಳ್ಳ ಪದವಿಯೇ ಆಧಾರವಾಗಿರುವುದರಿಂದ 3ನೇ ಭಾಗದಲ್ಲಿ ತಿಳಿಸಿದ ಪರಿಶೀಲನೆಗೆ ವಿಶೇಷ ಮಹತ್ವವಿದೆ.

ಆಸಕ್ತಿಯಿಲ್ಲದ ಶಿಕ್ಷಣಕ್ಕೆ ಒತ್ತಾಯದಿಂದ ಸೇರಿಸಿದಲ್ಲಿ ಖರ್ಚಾಗುವುದೂ ಅದೇ ನಾಲ್ಕು ವರ್ಷಗಳೇ. ಆದುದರಿಂದ ಕಾಲೇಜು ಭೇಟಿಗೆ ಪೋಷಕರೂ ಜೊತೆಯಲ್ಲಿ ಹೋಗಿ, ಕೆಲಸ ನಡೆಯುವ ಸ್ಟುಡಿಯೊವನ್ನು ಕಣ್ಣಾರೆ ಕಂಡು, ಅಧ್ಯಾಪಕರೊಡನೆ ಮಾತನಾಡಿದ ಮೇಲೆ ತೀರ್ಮಾನ ಕೈಗೊಳ್ಳುವುದು ಅಪೇಕ್ಷಣೀಯ.

10. ಸಾರಾಂಶ

ಮೊದಲು ವಿಭಾಗವನ್ನು ನಿರ್ಧರಿಸಿ. ಆ ವಿಭಾಗವಿರುವ ಮೂರು ಕಾಲೇಜುಗಳ ಪಟ್ಟಿ ಮಾಡಿ. ಮೂರರ ಸಂಯೋಜನೆಯನ್ನೂ ವಿಶ್ವವಿದ್ಯಾಲಯದಿಂದ ಖಚಿತಪಡಿಸಿಕೊಳ್ಳಿ. ಕನಿಷ್ಠ ಎರಡಕ್ಕೆ ಭೇಟಿ ನೀಡಿ ಕಾರ್ಯಾಗಾರವನ್ನು ಪರಿಶೀಲಿಸಿ. ನಂತರ ಒಟ್ಟು ವೆಚ್ಚವನ್ನು ಹೋಲಿಸಿ ಅರ್ಜಿ ಸಲ್ಲಿಸಿ. ಶುಲ್ಕ, ಸೀಟುಗಳ ಸಂಖ್ಯೆ ಮತ್ತು ಅರ್ಜಿಯ ಕೊನೆಯ ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಆಯಾ ಕಾಲೇಜಿನ ಪ್ರಸಕ್ತ ಸಾಲಿನ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.